ಮೂರು ಚುಕ್ಕೆಯ ಬೆಡ್‌ಶೀಟು

ಪ್ರತಿ ಶನಿವಾರ ಸಂಜೆ, ತಟ್ಟೆಗಳನ್ನು ಎತ್ತಿ ಮೇಜು ಒರೆಸಿದ ಮೇಲೆ, ಆ ಮನೆಯಲ್ಲಿ ಇಬ್ಬರು ಹುಡುಗರಿಗೆ ಅಂಕ ಬೀಳುತ್ತಿತ್ತು. ಅಂಕ ಹಾಕುವವಳು ಮನೆಯೊಡತಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನೇಳು ವರ್ಷದಿಂದ ಬಟ್ಟೆ ವಿಂಗಡಿಸುವ ಕೆಲಸ ಅವಳದು. ಅಲ್ಲಿನವರು ಅವಳನ್ನು ಮೂಗಮ್ಮ ಅಂತಲೇ ಕರೆಯುತ್ತಿದ್ದರು. ಮಾತು ಬಾರದವಳೆಂದು ತಿಳಿಯಬೇಡಿ, ಮಾತೇನೋ ನಾಲ್ಕು ಮನೆಗೆ ಹಂಚಿ ಮಿಗುವಷ್ಟಿತ್ತು. ಹೆಸರು ಬಂದದ್ದು ಮೂಗಿನ ಚುರುಕಿನಿಂದ. ಗಾಡಿ ತುಂಬ ಬಂದ ಬೆಡ್‌ಶೀಟುಗಳ ರಾಶಿಯಿಂದ ಮಾರು ದೂರ ನಿಂತು, ಇದು ಔಷಧಿ, ಇದು ಸೂಪು, ಇದು ಉಚ್ಚೆ ಎಂದು ಹೇಳಿಬಿಡುತ್ತಿದ್ದಳು. ಒಮ್ಮೆಯೂ ತಪ್ಪಿದ್ದಿಲ್ಲ. ಈ ಕಥೆಯಲ್ಲೂ ಮೂಗು ತಪ್ಪಲಿಲ್ಲ. ತಪ್ಪಿದ್ದು ಅವಳು.

ಆ ಊರಿನ ಹಾಕಿ ಕ್ಲಬ್ಬು ಪ್ರತಿ ವರ್ಷ ಇಪ್ಪತ್ತು ಎಳೆಯ ಆಟಗಾರರನ್ನು ಕರೆತಂದು, ಹದಿನಾರು ವಾರ ಆಡಿಸಿ ಓಡಿಸಿ, ಒಂದರಿಂದ ಇಪ್ಪತ್ತರವರೆಗೆ ಪಟ್ಟಿ ಮಾಡುತ್ತಿತ್ತು. ಕೊನೆಯ ಪಟ್ಟಿಯಲ್ಲಿ ಮೊದಲ ನಾಲ್ವರಿಗೆ ದೊಡ್ಡ ತಂಡದ ಜೊತೆ ಮೂರು ವರ್ಷದ ಕರಾರು. ಐದನೆಯವನಿಂದ ಹಿಡಿದು ಇಪ್ಪತ್ತನೆಯವನವರೆಗೆ ವಾಪಸು ಟಿಕೆಟ್ಟು. ಪಟ್ಟಿ ಮಾಡುವವನು ಕ್ಲಬ್ಬಿನ ಆಯ್ಕೆಗಾರ. ಸದಾ ಕಂಕುಳಲ್ಲಿ ಒಂದು ಕಡತ ಇಟ್ಟುಕೊಂಡು ತಿರುಗುವ ಆ ಮನುಷ್ಯನಿಗೆ ಹುಡುಗರೆಲ್ಲ ಸೇರಿ ತಕ್ಕಡಿ ಎಂದು ಹೆಸರಿಟ್ಟಿದ್ದರು. ಮೈದಾನದಲ್ಲಿ ಏನಾಗುತ್ತದೆಂದು ತಕ್ಕಡಿಗೆ ಗೊತ್ತು, ಮನೆಯಲ್ಲಿ ಏನಾಗುತ್ತದೆಂದು ಹೇಗೆ ಗೊತ್ತಾಗಬೇಕು? ಅದಕ್ಕಾಗಿ, ಹುಡುಗರನ್ನು ಇರಿಸಿಕೊಂಡ ಮನೆಗಳಿಗೆ ವಾರಕ್ಕೊಂದು ಚೀಟಿ. ಊಟ, ನಿದ್ದೆ, ಸಮಯ, ಶುಚಿ, ಸ್ವಭಾವ: ಐದಕ್ಕೂ ಹತ್ತರಲ್ಲಿ ಇಷ್ಟು ಅಂತ ಹಾಕಬೇಕು. ಕೆಳಗೆ 'ಬೇರೇನಾದರೂ' ಅಂತ ಎರಡು ಗೆರೆ ಜಾಗ.

ಮೂಗಮ್ಮನ ಮನೆಗೆ ಬಂದವರು ಇಬ್ಬರು. ಒಬ್ಬ ಮುಂಪಡೆಯಲ್ಲಿ ಓಡುವವನು, ಬಾಣ. ಇನ್ನೊಬ್ಬ ಗೋಲ್‌ಕೀಪರ್. ಅವನನ್ನು ದಾಟಿ ಚೆಂಡು ಒಳಗೆ ಹೋಗುವುದಿಲ್ಲವೆಂದು ತಂಡದವರು ಬಾಗಿಲು ಎಂದು ಕರೆಯುತ್ತಿದ್ದರು. ಬಂದ ದಿನದ ಪಟ್ಟಿಯಲ್ಲಿ ಬಾಣ ಒಂದನೆಯವನು, ಬಾಗಿಲು ಮೂರನೆಯವನು. ಮನೆಯಲ್ಲಿ ಖಾಲಿ ಇದ್ದದ್ದು ಒಂದೇ ಕೋಣೆ. ಮೂಗಮ್ಮ ಹಿಂದೆ ಮುಂದೆ ನೋಡಲಿಲ್ಲ. ಒಂದನೆಯವನಿಗೆ ಕೋಣೆ ಕೊಟ್ಟಳು, ಮೂರನೆಯವನಿಗೆ ಮಾವನ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸಿದಳು.

ಮಾವ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು. ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಹಡಗಿನಿಂದ ಎತ್ತಿ, ಮೊಟ್ಟೆ ಇಟ್ಟಷ್ಟು ಮೆತ್ತಗೆ ಲಾರಿಯ ಮೇಲೆ ಇಡುತ್ತಿದ್ದರಂತೆ. ಈಗ ಎಪ್ಪತ್ತೆಂಟು. ಚಮಚ ಹಿಡಿದರೆ ಕೈ ನಡುಗುತ್ತಿತ್ತು. ಅದನ್ನು ಯಾರಾದರೂ ನೋಡಿದರೆ ಚಮಚ ಕೆಳಗಿಟ್ಟು, "ಹಸಿವಿಲ್ಲ" ಅನ್ನುತ್ತಿದ್ದರು. ಅವರ ಮಗ, ಅಂದರೆ ಮೂಗಮ್ಮನ ಗಂಡ, ಸಿಟಿ ಬಸ್ಸಿನ ಚಾಲಕ. ಬೆಳಗಿನ ಐದಕ್ಕೆ ಮನೆ ಬಿಟ್ಟರೆ ಮಧ್ಯಾಹ್ನ ಬಂದು ಮಲಗುವ ಜೀವ. ಇನ್ನು ಉಳಿದವಳು ಹದಿನೈದರ ಮಗಳು. ಬಾಯಿ ಮಾತ್ರ ಅಮ್ಮನದೇ.

"ಊಟಕ್ಕೆ ಬಾಣಂಗೆ ಹತ್ತು, ಬಾಗಿಲಿಗೆ ಆರಾ?" ಮಗಳು ಚೀಟಿಗೆ ಇಣುಕಿ ಕೇಳಿದಳು.

"ಬಾಣ ಚೆನ್ನಾಗಿ ತಿಂತಾನೆ. 'ಅಮ್ಮಾ, ನಿಮ್ಮ ಕೈ ಸೂಪು ಕುಡಿದರೆ ಇನ್ನೊಂದು ಆಟ ಆಡಬಹುದು' ಅಂತಾನೆ. ಇವನು ಏನು ಹಾಕಿದ್ರೂ 'ಸಾಕು ಆಂಟಿ' ಅಂತಾನೆ."

"ಹೊಗಳಿದ್ದಕ್ಕೆ ಅಂಕವೋ, ತಿಂದಿದ್ದಕ್ಕೋ?"

"ನಿನಗೆ ನಾಳಿದ್ದು ಪರೀಕ್ಷೆ ಇಲ್ವಾ? ಹೋಗು."

"ನನಗೂ ಒಂದು ಚೀಟಿ ಮಾಡು. ಅಪ್ಪನಿಗೂ ಮಾಡು. ಅಪ್ಪನಿಗೆ ನಿದ್ದೆಯಲ್ಲಿ ಹತ್ತಕ್ಕೆ ಹತ್ತು."

ಗಂಡ ಪತ್ರಿಕೆಯ ಹಿಂದಿನಿಂದಲೇ ನಕ್ಕ. ಗೋಡೆ ಬದಿಯ ಕುರ್ಚಿಯಲ್ಲಿ ಕೂತಿದ್ದ ಮಾವ ಮಾತ್ರ ನಗಲಿಲ್ಲ. "ತಿನ್ನೋದು ಮಲಗೋದು ಎಲ್ಲ ಬರೆದು ಕೊಡ್ತಾರೇನಮ್ಮ? ನಮ್ಮ ಕಾಲದಲ್ಲಿ ಕ್ರೇನ್ ಬಿದ್ದರೆ ಮಾತ್ರ ಬರೆಯೋರು" ಎಂದರು. ಮೂಗಮ್ಮನಿಗೆ ಆ ಚೀಟಿಯ ಮೇಲೆ ಎಂಥದೋ ಹೆಮ್ಮೆ ಇತ್ತು. ಲಾಂಡ್ರಿಯಲ್ಲಿ ಹದಿನೇಳು ವರ್ಷ ದುಡಿದರೂ ಅವಳ ಅಭಿಪ್ರಾಯವನ್ನು ಬರಹದಲ್ಲಿ ಕೇಳಿದವರಿರಲಿಲ್ಲ.

ಹತ್ತನೆಯ ವಾರದಲ್ಲಿ ಹಿತ್ತಲ ತಂತಿಯ ಮೇಲೆ ಒಂದು ಬೆಡ್‌ಶೀಟು ಕಂಡಿತು. ತೊಳೆಯುವ ದಿನವಲ್ಲದ ದಿನ, ಇಷ್ಟು ಬೆಳಗ್ಗೆ ಯಾರು ಹಾಕಿದರು ಅಂತ ಹತ್ತಿರ ಹೋದಳು. ಹತ್ತಿರ ಹೋಗಬೇಕಾಗಿಯೂ ಇರಲಿಲ್ಲ. ಸೋಪು ಎಷ್ಟು ಸುರಿದಿದ್ದರೂ ಅವಳ ಮೂಗಿಗೆ ಗೊತ್ತಾಯಿತು. ಮೂಲೆ ತಿರುಗಿಸಿ ನೋಡಿದಳು. ಆಸ್ಪತ್ರೆಯಲ್ಲಿ ವಾರ್ಡಿಗೊಂದು ಗುರುತು ಹಾಕುವ ಹಾಗೆ, ಮನೆಯಲ್ಲೂ ಅವಳು ಒಬ್ಬೊಬ್ಬರ ಬೆಡ್‌ಶೀಟಿನ ಮೂಲೆಗೆ ಅಳಿಯದ ಶಾಯಿಯಲ್ಲಿ ಚುಕ್ಕೆ ಇಟ್ಟಿದ್ದಳು. ಮಗಳಿಗೆ ಒಂದು, ಮಾವನಿಗೆ ಎರಡು, ಬಾಗಿಲಿಗೆ ಮೂರು, ಬಾಣನಿಗೆ ನಾಲ್ಕು. ತಂತಿಯ ಮೇಲಿದ್ದದ್ದು ಮೂರು ಚುಕ್ಕೆಯದು.

ಮಾರನೆಯ ದಿನ ಬಿಟ್ಟು ಅದರ ಮಾರನೆಯ ದಿನ ಮತ್ತೆ ಮೂರು ಚುಕ್ಕೆ. ಮುಂದಿನ ವಾರ ನಾಲ್ಕು ಸಲ. ಬೆಳಿಗ್ಗೆ ಕ್ಲಬ್ಬಿನ ವ್ಯಾನು ಬಂದು ಹಾರನ್ ಹೊಡೆದರೆ ಬಾಗಿಲು ಒದ್ದೆ ಕೈ ಒರೆಸಿಕೊಳ್ಳುತ್ತ ಓಡುತ್ತಿದ್ದ. ಕಣ್ಣು ಕೆಂಪಗಿರುತ್ತಿತ್ತು. ಸೋಪಿನ ಪುಡಿ ಡಬ್ಬಿ ತಿಂಗಳ ಮಧ್ಯಕ್ಕೇ ತಳ ಕಂಡಿತು.

"ಹತ್ತೊಂಬತ್ತು ವರ್ಷದ ಗಂಡು. ಹಾಸಿಗೆಯಲ್ಲಿ..." ಎಂದು ಗಂಡನಿಗೆ ಪಿಸುಗುಟ್ಟಿದಳು.

"ಕೇಳಿದ್ಯಾ ಅವನನ್ನ?"

"ಹೇಗ್ರೀ ಕೇಳ್ಲಿ? ನಾಚ್ಕೊಂಡು ಸತ್ತೇ ಹೋಗ್ತಾನೆ."

"ಹಾಗಾದ್ರೆ ಸುಮ್ನಿರು."

"ನೀವು ಒಂದು ಮಾತು ಕೇಳಿ. ಗಂಡಸರು ಗಂಡಸರು."

"ಐದು ಗಂಟೆಗೆ ಬಸ್ ತೆಗೀಬೇಕು, ನನ್ನ ಇದಕ್ಕೆಲ್ಲ ಎಳೀಬೇಡ" ಎಂದು ಅವನು ಗೋಡೆ ಕಡೆ ಹೊರಳಿದ.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಶನಿವಾರ ಸಂಜೆ ಚೀಟಿ ಮುಂದಿಟ್ಟುಕೊಂಡು ಮೂಗಮ್ಮ ನಿದ್ದೆಗೆ ಮೂರು ಹಾಕಿದಳು, ಸಮಯಕ್ಕೆ ನಾಲ್ಕು, ಶುಚಿಗೆ ಎರಡು. ಪೆನ್ನು ಆ ಕೆಳಗಿನ ಎರಡು ಗೆರೆಯ ಹತ್ತಿರ ಬಂದು ನಿಂತಿತು. ಹುಡುಗನ ಒಳ್ಳೆಯದಕ್ಕೇ, ಅವರ ಡಾಕ್ಟರು ನೋಡಿಯಾರು ಅಂದುಕೊಂಡಳು. ನಿಜವನ್ನೇ ಬರೆಯುವುದಕ್ಕಲ್ಲವೆ ಚೀಟಿ ಇರುವುದು ಅಂತಲೂ ಅಂದುಕೊಂಡಳು. 'ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ, ವಾರಕ್ಕೆ ನಾಲ್ಕು ಸಲ' ಎಂದು ದುಂಡಗೆ ಬರೆದು, ಲಕೋಟೆಯ ಅಂಚನ್ನು ಅಂಟಿಸಿದಳು. ಮುಖ ನೋಡಿ ಕೇಳುವುದಕ್ಕೆ ಬಂದ ಸಂಕೋಚ ಬರೆದು ಕಳಿಸುವುದಕ್ಕೆ ಬರಲಿಲ್ಲ. ಮುಂದೆ ಅವಳನ್ನು ಸುಟ್ಟದ್ದು ಈ ಒಂದು ವಿಷಯ.

ಅಲ್ಲಿಂದ ಮುಂದೆ ಇನ್ನೂ ನಾಲ್ಕು ಶನಿವಾರ ಅದೇ ಮಾತು, ಅದೇ ಅಂಕ.

ಹದಿನಾರನೆಯ ವಾರದ ಶುಕ್ರವಾರ ಕ್ಲಬ್ಬಿನ ಫಲಕದಲ್ಲಿ ಕೊನೆಯ ಪಟ್ಟಿ ಬಿತ್ತು. ಬಾಣ ಬೀದಿಯ ತುದಿಯಿಂದಲೇ ಕೂಗಿಕೊಂಡು ಬಂದ. "ಅಮ್ಮಾ, ಒಂದು! ಒಂದೇ!" ಮೂಗಮ್ಮ ಕೇಕು ತರಿಸಿದಳು. ಹಿಂದೆ ಬಂದ ಬಾಗಿಲು ಬೂಟು ಬಿಚ್ಚಿ, ಕೈ ತೊಳೆದು, ಮೇಜಿನ ತನ್ನ ಜಾಗದಲ್ಲಿ ಕೂತ.

"ನಿಂದು?" ಮಗಳು ಕೇಳಿದಳು.

"ಐದು."

"ಹದಿಮೂರನೇ ವಾರದಲ್ಲಿ ಎರಡಿತ್ತಲ್ಲ!"

"ಇತ್ತು."

"ಹೇಗೆ ಕೆಳಗೆ ಬಂತು? ಒಂದು ಗೋಲೂ ಬಿಟ್ಟಿಲ್ಲ ನೀನು ಈ ತಿಂಗಳು!"

ಅವನು ಭುಜ ಹಾರಿಸಿದ. "ಇನ್ನೊಬ್ಬ ಕೀಪರ್ ಇದ್ದಾನಲ್ಲ, ಅವನೂ ಬಿಟ್ಟಿಲ್ಲ. ನಾಲ್ಕನೇದು ಅವನಿಗೆ ಸಿಕ್ತು."

ಮೂಗಮ್ಮ ಅವನ ತಟ್ಟೆಗೆ ಕೇಕಿನ ದೊಡ್ಡ ತುಂಡನ್ನೇ ಹಾಕಿದಳು. "ಸಾಕು ಆಂಟಿ" ಅಂದ. ಅವಳ ಎದೆ ಒಂದು ಸಲ ಹೊಡೆದುಕೊಂಡದ್ದು ನಿಜ. ಸುಳ್ಳೇನೂ ಬರೆದಿಲ್ಲವಲ್ಲ ಅಂತ ಅದಕ್ಕೆ ಸಮಾಧಾನ ಹೇಳಿದಳು. ಮಾವ ಆ ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಹಸಿವಿಲ್ಲ ಅಂದರು.

ಶನಿವಾರ ಹುಡುಗರಿಬ್ಬರೂ ಹೊರ ಊರಿನ ಕೊನೆಯ ಪಂದ್ಯಕ್ಕೆ ಹೋದರು. ಬರುವುದು ಸೋಮವಾರ ಸಂಜೆ.

ಭಾನುವಾರ ಬೆಳಿಗ್ಗೆ ಮೂಗಮ್ಮ ಹಾಲು ಕಾಯಿಸಲು ಎದ್ದಾಗ ಬಚ್ಚಲಿನಲ್ಲಿ ನೀರಿನ ಸದ್ದು. ಮನೆಯಲ್ಲಿ ಹುಡುಗರಿಲ್ಲ, ಗಂಡ ಮಲಗಿದ್ದಾನೆ, ಮಗಳು ಒಂಬತ್ತಕ್ಕೆ ಮುಂಚೆ ಕಣ್ಣು ಬಿಡುವವಳಲ್ಲ. ತಳ್ಳಿದರೆ ಬಚ್ಚಲ ಕದ ತೆರೆದುಕೊಂಡಿತು. ಮಾವ ಸ್ಟೂಲಿನ ಮೇಲೆ ಕೂತು, ಬಕೆಟ್ಟಿನೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟು, ಏದುಸಿರು ಬಿಡುತ್ತ ಬೆಡ್‌ಶೀಟು ಹಿಂಡುತ್ತಿದ್ದರು. ಹಿಂಡುವ ಬಲ ಕೈಯಲ್ಲಿರಲಿಲ್ಲ. ಮೂಲೆ ಅವಳ ಕಡೆಗೇ ಇತ್ತು. ಮೂರು ಚುಕ್ಕೆ.

ಅದರ ಒಡೆಯ ಬೇರೊಂದು ಊರಿನಲ್ಲಿದ್ದ.

ಮೂಗಮ್ಮ ಚೌಕಟ್ಟು ಹಿಡಿದುಕೊಂಡಳು. "ಮಾವ" ಎಂದಳು.

ಮುದುಕ ತಲೆ ಎತ್ತಲಿಲ್ಲ. "ನೀನು ಎದ್ದಿರಲ್ಲ ಅಂದ್ಕೊಂಡೆ" ಎಂದರು ಬಕೆಟ್ಟಿಗೆ ಹೇಳುವವರ ಹಾಗೆ. "ಆ ಹೊಸ ಮಾತ್ರೆ ಶುರು ಮಾಡಿದಾಗಿಂದ ತಡೆಯೋಕೆ ಆಗ್ತಿಲ್ಲ ತಾಯಿ. ಮೊದಲನೇ ದಿನ ಅವನೇ ನೋಡಿದ. ಯಾರಿಗೂ ಹೇಳಬೇಡ ಕಣಪ್ಪ ಅಂತ ಕೈ ಹಿಡ್ಕೊಂಡೆ. ನೀನು ಮೂಲೆ ನೋಡ್ತೀಯ ಅಂತ ಗೊತ್ತಿತ್ತು. ಎರಡು ಚುಕ್ಕೆ ಕಂಡ್ರೆ ನಿನಗೆ ಗೊತ್ತಾಗುತ್ತೆ ಅಂದೆ. ಹಾಗಾದ್ರೆ ನನ್ನದು ಹಾಸ್ಕೊಳ್ಳಿ ತಾತ ಅಂದ. ದಿನಾ ಮಲಗೋ ಮುಂಚೆ ಅವನದು ನನಗೆ ಹಾಸಿ, ನನ್ನದರ ಮೇಲೆ ಅವನು ಮಲಗ್ತಿದ್ದ. ನಿನ್ನೆ ಹೊರಡೋ ಮುಂಚೆಯೂ ಹಾಸಿಟ್ಟೇ ಹೋದ. ಬೆಳಿಗ್ಗೆ ನನ್ನ ಎಬ್ಬಿಸಿ, ತೊಳೆದು, ಬಟ್ಟೆ ಹಾಕಿಸಿ, ಆಮೇಲೆ ಇದನ್ನ ಒಗೆದು ಹಾಕಿ ಓಡ್ತಿದ್ದ. ಹುಡುಗರ ಬೆವರು ಅಂದ್ಕೋತಾರೆ, ಯಾರೂ ಕೇಳಲ್ಲ ಅಂದ. ನೀನೂ ಕೇಳಲಿಲ್ಲ."

ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನುತ್ತಾರಲ್ಲ, ಮೂಗಮ್ಮ ಆ ಬಚ್ಚಲಲ್ಲಿ ನಿಜವಾಗಿ ಹಾಗೆ ಬೇಡಿಕೊಂಡಳು. ಆರು ವಾರ ಅವಳ ಮಾವನನ್ನು ತೊಳೆದವನು ಅವಳ ಮನೆಗೆ ಹದಿನಾರು ವಾರಕ್ಕೆಂದು ಬಂದಿದ್ದ ಹುಡುಗ. ಅದಕ್ಕೆ ಅವಳು ಶುಚಿಯಲ್ಲಿ ಎರಡು ಅಂಕ ಕೊಟ್ಟಿದ್ದಳು.

"ಮಾವ, ನಾನು ಕ್ಲಬ್ಬಿಗೆ ಬರೆದುಬಿಟ್ಟೆ."

"ಏನಂತ?"

ಹೇಳಿದಳು. ಮುದುಕ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟು ಕೈ ಒರೆಸಿಕೊಂಡರು. ಆಮೇಲೆ, "ನನ್ನ ಪ್ಯಾಂಟಿಗೆ ನಾಳೆ ಇಸ್ತ್ರಿ ಮಾಡಿಕೊಡು. ಆ ಕ್ಲಬ್ಬಿನ ಆಯಪ್ಪನ್ನ ನಾನೂ ನೋಡ್ಬೇಕು" ಎಂದರು.

ಆ ದಿನ ಊಟದ ಮೇಜಿನ ಬಳಿ ಮನೆಯವರಿಗೆಲ್ಲ ವಿಷಯ ಗೊತ್ತಾಯಿತು. ಮಗಳು ಚಮಚ ಎಸೆದು ಎದ್ದಳು. "ಐದನೇ ನಂಬರ್ ತಕ್ಕಡಿ ಕೊಟ್ಟಿದ್ದಲ್ಲ ಅಮ್ಮಾ, ನೀನು ಕೊಟ್ಟಿದ್ದು!" ಗಂಡ ಮಗಳನ್ನು ಗದರಿದ. ಗದರುತ್ತಲೇ ಅವನ ಸ್ವರ ಇಳಿಯಿತು. "ಪಕ್ಕದ ಕೋಣೆ ಅಪ್ಪಾ. ನನ್ನ ಒಂದು ಸಲ ಕರೀಬಾರದಿತ್ತಾ?" ಎಂದು ತಂದೆಯನ್ನು ಕೇಳಿದ.

"ಹೇಗಪ್ಪ ಕರೀಲಿ?" ಎಂದರು ಮುದುಕ. "ನಿನ್ನ ಎತ್ತಿ ಆಡಿಸಿದವನು ನಾನು."

ಸೋಮವಾರ ಮೂಗಮ್ಮ ಲಾಂಡ್ರಿಗೆ ರಜೆ ಹಾಕಿ ಮಾವನನ್ನು ಕರೆದುಕೊಂಡು ಕ್ಲಬ್ಬಿಗೆ ಹೋದಳು. ಮೈದಾನದ ಹಸಿರು ಹಾಸಿನ ಮೇಲೆ ನೀರು ಚಿಮುಕಿಸುತ್ತಿದ್ದರು. ಮೆಟ್ಟಿಲು ಹತ್ತುವಾಗ ಮುದುಕ ಮೂರು ಕಡೆ ನಿಂತರು, ಕೈ ಕೊಡಲು ಹೋದರೆ ಬೇಡವೆಂದರು. ತಕ್ಕಡಿ ಅವಳು ಎಣಿಸಿದ್ದಂಥ ಒರಟನಾಗಿರಲಿಲ್ಲ. ಎದ್ದು ನಿಂತು ಕುರ್ಚಿ ಕೊಟ್ಟ, ನೀರು ತರಿಸಿದ.

ಮುದುಕ ನೀರು ಮುಟ್ಟಲಿಲ್ಲ. "ಆ ಚೀಟಿಯಲ್ಲಿ ಹಾಸಿಗೆ ವಿಷಯ ಬರೆದಿದೆಯಲ್ಲ. ಅದು ನಾನು" ಎಂದರು. ಬಂದರಿನಲ್ಲಿ ಸಂಬಳದ ಸಾಲಿನಲ್ಲಿ ನಿಂತು ತನ್ನ ಸಂಖ್ಯೆ ಹೇಳುವ ಧ್ವನಿಯಲ್ಲಿ ಹೇಳಿದರು. ಕಿವಿ ಮಾತ್ರ ಕೆಂಪಾಗಿತ್ತು. ಉಳಿದದ್ದನ್ನು ಮೂಗಮ್ಮ ಹೇಳಿದಳು. ಚುಕ್ಕೆಯ ವಿಷಯ, ತಂತಿಯ ವಿಷಯ, ತಾನು ಕೇಳದೇ ಬರೆದ ವಿಷಯ, ಯಾವುದನ್ನೂ ಬಿಡಲಿಲ್ಲ.

ತಕ್ಕಡಿ ಕಡತ ತೆರೆದ. ಅವಳ ಐದು ಚೀಟಿಗಳೂ ಅಲ್ಲಿ ಒಂದರ ಮೇಲೊಂದು ಪಿನ್ನು ಹಾಕಿ ಕೂತಿದ್ದವು. ದುಂಡನೆಯ ತನ್ನ ಅಕ್ಷರ ನೋಡಲಾಗದೆ ಅವಳು ಮುಖ ತಿರುಗಿಸಿದಳು.

"ನಿಮ್ಮ ಚೀಟಿಯಿಂದಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ" ಎಂದ. "ಇಬ್ಬರು ಕೀಪರ್‌ಗಳನ್ನ ಹದಿನಾರು ವಾರ ತೂಗಿದೀನಿ. ಕಾಲು, ಕೈ, ಕಣ್ಣು, ಪೆನಾಲ್ಟಿ, ಯಾವುದರಲ್ಲೂ ಕೂದಲೆಳೆ ವ್ಯತ್ಯಾಸ ಇಲ್ಲ. ಒಬ್ಬರನ್ನೇ ತಗೋಬೇಕು. ಕೊನೆಗೆ ಮನೆ ಚೀಟಿ ನೋಡಿದೆ. ಅವನದರಲ್ಲಿ 'ಒಳ್ಳೆ ನಿದ್ದೆ' ಅಂತಿತ್ತು. ಇವನದರಲ್ಲಿ ಇದು. ತುಂಬಿದ ಮೈದಾನದ ಮುಂದೆ ನಿಲ್ಲೋ ಹುಡುಗ, ಒಳಗೇ ಅಷ್ಟು ಹೆದರ್ತಾ ಇದ್ರೆ ಹೇಗೆ ಅಂದ್ಕೊಂಡೆ."

"ಅವನನ್ನ ಕೇಳಬಹುದಿತ್ತಲ್ಲ ಸಾರ್" ಎಂದಳು ಮೂಗಮ್ಮ. ಹೇಳಿದ ಮೇಲೆ ತನ್ನ ಬಾಯಿಗೆ ಆ ಮಾತು ಆಡುವ ಹಕ್ಕಿಲ್ಲವೆಂದು ಹೊಳೆಯಿತು.

"ಕೇಳಿದೆನಮ್ಮ. ಇದೇ ಕುರ್ಚಿಯಲ್ಲಿ ಕೂರಿಸಿ, ಈ ಚೀಟಿ ತೋರಿಸಿ, ಇದು ನಿಜವಾ ಅಂತ ಕೇಳಿದೆ. ಓದಿದ. ಹೌದು ಸಾರ್ ಅಂದ."

ಮುದುಕ ಕೂತಿದ್ದ ಕುರ್ಚಿ ಕಿರುಗುಟ್ಟಿತು. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಮೂಗಮ್ಮ ಮಾವನ ಕಣ್ಣೀರನ್ನು ಅದೇ ಮೊದಲು ನೋಡಿದ್ದು. ಅತ್ತೆ ತೀರಿಕೊಂಡಾಗಲೂ ಅವರು ಗೋಡೆ ಕಡೆ ತಿರುಗಿ ನಿಂತಿದ್ದರು.

"ಈಗ ಬದಲಾಯಿಸೋಕೆ..." ಎಂದಳು.

"ಶನಿವಾರವೇ ಸಹಿ ಆಗಿಹೋಯ್ತು. ಆ ಇನ್ನೊಬ್ಬ ಹುಡುಗನೂ ತಪ್ಪು ಮಾಡಿಲ್ಲವಲ್ಲ. ಅವನಿಂದ ಹೇಗೆ ಕಿತ್ಕೊಳ್ಳಲಿ?" ತಕ್ಕಡಿ ಕಡತ ಮುಚ್ಚಿದ. "ಬೇರೆ ಊರಿನ ಸಣ್ಣ ತಂಡವೊಂದಕ್ಕೆ ಕಾಗದ ಬರೀತೀನಿ. ಅಷ್ಟು ಮಾಡಬಲ್ಲೆ." ಮೆಟ್ಟಿಲವರೆಗೂ ಬಂದು ಬೀಳ್ಕೊಟ್ಟ. ಅವನ ಮುಖವೂ ಚಿಕ್ಕದಾಗಿತ್ತು.

ಸಂಜೆ ಹುಡುಗರು ಬಂದರು. ಬಾಣ ತನ್ನ ಹೊಸ ತಂಡದವರ ಜೊತೆ ಊಟಕ್ಕೆ ಹೋದ. ಬಾಗಿಲು ಕೋಣೆಯಲ್ಲಿ ಚೀಲ ತುಂಬುತ್ತಿದ್ದ. ಮೂಗಮ್ಮ ಹೊಸ್ತಿಲಲ್ಲೇ ನಿಂತಳು, ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ.

"ನನಗೆ ಗೊತ್ತಾಯ್ತಪ್ಪ. ಕ್ಲಬ್ಬಿಗೂ ಹೋಗಿ ಹೇಳಿದ್ವಿ. ತಪ್ಪಾಯ್ತು. ಬಹಳ ದೊಡ್ಡ ತಪ್ಪಾಯ್ತು."

ಅವನು ಒಂದು ಅಂಗಿ ಮಡಚಿ, ಅದನ್ನೇ ಬಿಡಿಸಿ ಮತ್ತೆ ಮಡಚಿದ. "ತಾತನೂ ಬಂದಿದ್ರಾ?"

"ಅವರೇ ಹೇಳಿದ್ದು."

"ಅವರನ್ನ ಯಾಕೆ ಕರ್ಕೊಂಡು ಹೋದ್ರಿ ಆಂಟಿ" ಎಂದ. ಅವನ ದನಿಯಲ್ಲಿ ಸಿಟ್ಟು ಕೇಳಿದ್ದು ಅದೊಂದೇ ಸಲ. ಚೀಲದ ಜಿಪ್ಪು ಎಳೆಯುತ್ತ, "ನೀವು ಕೇಳ್ತೀರಿ ಅಂದ್ಕೊಂಡಿದ್ದೆ" ಎಂದ. "ತಂತಿ ಮೇಲೆ ನೋಡಿದಾಗೆಲ್ಲ, ಇವತ್ತು ಕೇಳ್ತಾರೆ ಅಂದ್ಕೋತಿದ್ದೆ. ಕೇಳಿದ್ರೆ ಏನು ಹೇಳ್ಬೇಕು ಅಂತಲೂ ಯೋಚಿಸಿಟ್ಟಿದ್ದೆ."

"ಏನು ಹೇಳ್ತಿದ್ದೆ?"

"ತಾತನ್ನೇ ಕೇಳಿ ಅಂತ."

ಊಟಕ್ಕೆ ಎಲ್ಲರೂ ಕೂತರು. ಸೂಪು, ಬ್ರೆಡ್ಡು, ಬೇಯಿಸಿದ ಮೊಟ್ಟೆ. ಬಾಗಿಲಿನ ಬಸ್ಸಿಗೆ ಇನ್ನು ಒಂದು ಗಂಟೆ ಇತ್ತು. ಅವನು ಮೊಟ್ಟೆ ಸುಲಿದು ಮುದುಕನ ತಟ್ಟೆಗೆ ಹಾಕಿ, ಚಮಚದ ಅಂಚಿನಿಂದ ನಾಲ್ಕು ತುಂಡು ಮಾಡಿ ಕೊಟ್ಟ. ಹದಿನಾರು ವಾರ ಅದೇ ಮೇಜಿನಲ್ಲಿ ಕೂತ ಮೂಗಮ್ಮನಿಗೆ ದಿನವೂ ನಡೆಯುತ್ತಿದ್ದ ಅದು ಇವತ್ತೇ ಮೊದಲು ಕಣ್ಣಿಗೆ ಬಿತ್ತು.

"ತಾತನ ಕೋಣೆಯಲ್ಲಿ ಇನ್ನು ಯಾರು ಮಲಗ್ತಾರೆ?" ಎಂದು ಹುಡುಗ ಕೇಳಿದ. ಯಾರನ್ನೂ ನೋಡಿ ಕೇಳಲಿಲ್ಲ.

ಮೇಜಿನ ಸುತ್ತ ಚಮಚಗಳು ನಿಂತವು. ಗಂಡ ತಟ್ಟೆ ನೋಡಿದ, ಮೂಗಮ್ಮ ಗಂಡನನ್ನು ನೋಡಿದಳು. ಆ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಇದುವರೆಗೆ ಕೇಳಿರಲಿಲ್ಲ.

"ನಾನು" ಎಂದ ಗಂಡ ಕೊನೆಗೆ.

"ನೀವು ಐದಕ್ಕೆ ಹೊರಡ್ತೀರಿ ಅಂಕಲ್. ಅದಾಗೋದು ಐದೂವರೆಗೆ."

"ಐದೂವರೆಗೆ ನಾನು ಏಳ್ತೀನಿ" ಎಂದಳು ಮೂಗಮ್ಮ.

ಹುಡುಗ ತಲೆಯಾಡಿಸಿದ. "ನೀರು ಬೆಚ್ಚಗಿರಲಿ ಆಂಟಿ. ತಣ್ಣಗಿದ್ರೆ ಬೇಡ ಅಂತಾರೆ. ಆಮೇಲೆ, ದೀಪ ಹಾಕಬೇಡಿ." ಅಷ್ಟು ಹೇಳಿ ಸೂಪು ಕುಡಿದು ಮುಗಿಸಿ, ತನ್ನ ತಟ್ಟೆ ತಾನೇ ತೊಳೆದಿಟ್ಟ. ಗಂಡ ಅವನ ಚೀಲ ಹೊತ್ತು ನಿಲ್ದಾಣದವರೆಗೂ ಹೋಗಿ ಬಂದ.

ಮುಂದಿನ ಶನಿವಾರ ಬಾಣನ ಕೊನೆಯ ಚೀಟಿಯೊಂದು ಬಾಕಿ ಇತ್ತು. ಮೂಗಮ್ಮ ಪೆನ್ನು ಮುಟ್ಟದೆ, ಹಾಗೇ ಖಾಲಿ ಚೀಟಿಯನ್ನು ಲಕೋಟೆಗೆ ಹಾಕಿ ಕಳಿಸಿದಳು. ಮುಂದಿನ ವರ್ಷ ಹುಡುಗರನ್ನು ಇರಿಸಿಕೊಳ್ಳುತ್ತೀರಾ ಎಂದು ಕ್ಲಬ್ಬಿನವರು ಕೇಳಿದ್ದಕ್ಕೆ, ಹುಡುಗರು ಬರಲಿ, ಚೀಟಿ ಬೇಡ ಎಂದಳು. ಅವರು ಮತ್ತೆ ಕೇಳಲಿಲ್ಲ.

ಆದರೆ ಅದಕ್ಕೆ ಮುಂಚೆ ಮಂಗಳವಾರದ ಬೆಳಗು ಇತ್ತು. ಐದೂವರೆಗೆ ಬೆಚ್ಚನೆಯ ನೀರಿನ ಬಕೆಟ್ಟು ಹಿಡಿದು ಅವಳು ಮಾವನ ಕೋಣೆಯ ಕದ ತಟ್ಟಿದಳು. ದೀಪ ಹಾಕಲಿಲ್ಲ. ಮುದುಕ ಗೋಡೆ ಕಡೆ ಮುಖ ಮಾಡಿ ನಿದ್ದೆ ಬಂದವರ ಹಾಗೆ ಮಲಗಿದ್ದರು. ಆ ವಾಸನೆ ಅವಳಿಗೆ ಲಾಂಡ್ರಿಯಲ್ಲಿ ಹದಿನೇಳು ವರ್ಷದಿಂದ ಗೊತ್ತಿದ್ದದ್ದೇ. ಕೇಳಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಮಂಚದ ಪಕ್ಕ ಕೂತು ಕೇಳಿದಳು.

"ಮಾವ, ಒದ್ದೆಯಾಗಿದೆಯಾ?"

ನೀರು ತಣ್ಣಗಾಗುತ್ತದೆಂದು ಗೊತ್ತಿದ್ದೂ ಅವಳು ಉತ್ತರಕ್ಕೆ ಕಾದಳು.

"ಆಗಿದೆ ತಾಯಿ" ಎಂದರು ಮುದುಕ ಗೋಡೆಗೆ.

ಅವಳು ಅವರನ್ನು ಈ ಕಡೆ ಹೊರಳಿಸಿ, ಅಡಿಯಿಂದ ಬೆಡ್‌ಶೀಟು ಎಳೆದಳು. ಕತ್ತಲಲ್ಲಿ ಮೂಲೆ ನೋಡಲಿಲ್ಲ.